ಸದ್ದು ಬಂದಾಗ ಹೇಳಿ

“ಕೈ ಕೊಡಪ್ಪಾ” ಎನ್ನುತ್ತ ಮಗಳು ತೋಳಿಗೆ ಸುತ್ತಿದ ಬಿಪಿ ಪಟ್ಟಿಯನ್ನು ಮುದುಕ ದರ್ಜಿ ಬಿಡಿಸಿ ಕೆಳಗಿಟ್ಟ.

“ಬೇಡ ಅಂದ್ನಲ್ಲ.”

“ಈಗಷ್ಟೇ ತಲೆ ಸುತ್ತಿ ಬಾಗಿಲು ಹಿಡ್ಕೊಂಡೆ. ಬಿಪಿ ನೋಡದೆ ಅಮ್ಮನ ಮಣ್ಣಿಗೆ ನಡೆದು ಬರೋಕೆ ಬಿಡಲ್ಲ.”

ಪಕ್ಕದ ಮಂಚದ ಮೇಲೆ ಹೆಂಡತಿ ಮಲಗಿದ್ದಳು. ನಲವತ್ತು ವರ್ಷ ಆಸ್ಪತ್ರೆಯಲ್ಲಿ, ಆಮೇಲೆ ಹತ್ತು ವರ್ಷ ಇದೇ ಪಡಸಾಲೆಯಲ್ಲಿ ಬೀದಿಯ ಮುದುಕರ ಬಿಪಿ ನೋಡಿದವಳು. ಎಲ್ಲರ ಬಾಯಲ್ಲೂ ನರ್ಸಮ್ಮ.

“ಕಿವಿ ಅಂದ್ರೆ ಅವರದು,” ಎಂದರು ಪಡಸಾಲೆಯಲ್ಲಿ ಸೇರಿದ್ದ ಬೀದಿಯ ಮುದುಕರ ನಡುವೆ ನಿಂತಿದ್ದ ಡಾಕ್ಟರು. “ಅವರು ಹೇಳಿದ ಅಂಕಿಯನ್ನ ನಾನು ಇನ್ನೊಂದ್ಸಲ ನೋಡ್ತಿರ್ಲಿಲ್ಲ. ಅದರ ಮೇಲೇ ಮಾತ್ರೆ ಬರೀತಿದ್ದೆ.”

ದರ್ಜಿ ತಲೆ ತಗ್ಗಿಸಿದ. ನಿನ್ನೆ ಬೆಳಿಗ್ಗೆ ಅವಳು ಅವನಿಗೆ ಹೇಳಿದ್ದು ನೂರ ನಲವತ್ತು. ಈಗ ಡಾಕ್ಟರ ಕಿವಿಗೆ ಬೇರೆ ಅಂಕಿ ಬಿದ್ದರೆ? ಅವಳನ್ನು ಮಣ್ಣಿಗಿಡುವ ಮೊದಲೇ ಅವಳ ಮಾತು ಮಣ್ಣುಪಾಲಾಗುತ್ತದೆ.

*

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಅವನ ತೋಳಿಗೆ ಪಟ್ಟಿ ಕಟ್ಟಿ, ಮೂರು ಸಲ ಗಾಳಿ ತುಂಬಿ, ಮೂರು ಸಲ ಬಿಟ್ಟಿದ್ದಳು. ಆಮೇಲೆ ಸ್ಟೆತಾಸ್ಕೋಪನ್ನು ಅವನ ಕಿವಿಗಿಟ್ಟಳು.

“ಯಾರಿಗೂ ಹೇಳ್ಬೇಡಿ. ಸಣ್ಣ ಸದ್ದೆಲ್ಲ ನನ್ನ ಕಿವಿ ಬಿಟ್ಟುಹೋಗಿದೆ. ನಾನು ಪಾದರಸ ನೋಡ್ತೀನಿ. ಸದ್ದು ಬಂದಾಗ ಹೇಳಿ, ಹೋದಾಗ ಹೇಳಿ.”

ಮೊದಲು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ, ಟಪ್. ಟಪ್. ಕತ್ತಲಲ್ಲಿ ಹೊಲಿಗೆ ಯಂತ್ರವೊಂದು ತುಳಿಯುವವರಿಲ್ಲದೆ ತಾನೇ ನಡೆಯುತ್ತಿದ್ದ ಹಾಗೆ.

“ಇದು ನಾನೇನಾ?”

“ನೀವೇ. ಅರವತ್ತೆಂಟು ವರ್ಷದಿಂದ, ಒಂದು ದಿನ ರಜ ಇಲ್ಲದೆ.”

ಸದ್ದು ಮೆತ್ತಗಾಗಿ ಅಳಿಸಿಹೋಯಿತು. “ನಿಂತೇ ಹೋಯ್ತಲ್ಲೇ!”

“ನಿಂತಿಲ್ಲರೀ, ಅಡ್ಡಿ ಹೋಯ್ತು. ವಯಸ್ಸಾದಂಗೆ ರಕ್ತನಾಳ ಪೆಡಸಾಗುತ್ತೆ, ಒತ್ತಡ ಏರುತ್ತೆ, ಆದ್ರೂ ರಕ್ತ ಸುಮ್ನೆ ಹರೀತಿರುತ್ತೆ. ಪಟ್ಟಿ ಬಿಗಿದು ಅಡ್ಡಗಟ್ಟಿದ್ರೇ ಸದ್ದು. ಸಲೀಸಾಗಿ ಹರಿಯೋ ರಕ್ತ ಮಾತಾಡಲ್ಲ.”

“ನಿನ್ನ ಥರ ಅಲ್ಲ ಬಿಡು,” ಎಂದ ಗೊಣಗುತ್ತ.

“ಇದು ಮಾತ್ರ ಕೇಳಿಸ್ತು.”

*

“ಕಿವಿ ಎಲ್ಲಿತ್ತು ಡಾಕ್ಟ್ರೇ!” ಮೂಲೆಯಲ್ಲಿದ್ದ ಹಳೆಯ ಪೋಸ್ಟ್‌ಮ್ಯಾನ್ ಮೂಗೊರೆಸಿಕೊಂಡ. ದರ್ಜಿ ತಟ್ಟನೆ ತಲೆಯೆತ್ತಿದ. “ಐದು ವರ್ಷದಿಂದ ನಾನೇ ಅವರ ಕಿವಿ. ‘ಅಣ್ಣಾ, ಯಾರಿಗೂ ಹೇಳ್ಬೇಡ’ ಅಂದಿದ್ರು.”

“ನಿನಗೂನಾ?” ಟೀಚರಮ್ಮ ಕಣ್ಣರಳಿಸಿದರು. “ನಾನೊಬ್ಬಳೇ ಅಂದ್ಕೊಂಡಿದ್ದೆ!”

“ನೀವು? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ರಾ?”

ಪಡಸಾಲೆಯ ಮುದುಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ಜನ. ಹನ್ನೊಂದು ಜನವೂ ತಮ್ಮ ರಕ್ತದ ಸದ್ದನ್ನು ತಾವೇ ಕೇಳಿದವರು. ಒಬ್ಬರೂ ಉಸಿರೆತ್ತಿರಲಿಲ್ಲ.

ಡಾಕ್ಟರು ಮಂಚದ ಕಡೆ ತಿರುಗಿದರು. “ಇವರಲ್ಲಿ ಒಬ್ಬರಿಗೂ ಲಕ್ವ ಹೊಡೆದಿಲ್ಲ,” ಎಂದರು ಮೆಲ್ಲಗೆ. ಆಮೇಲೆ ತಮ್ಮ ಕೊರಳಿನ ಸ್ಟೆತಾಸ್ಕೋಪನ್ನು ತೆಗೆದು ದರ್ಜಿಯ ಕಿವಿಗಿಟ್ಟರು. “ನೀವೇ ಕೇಳಿ. ನಾನು ಪಾದರಸ ನೋಡ್ತೀನಿ. ಸದ್ದು ಬಂದಾಗ ನನ್ನ ಕೈ ಮುಟ್ಟಿ.”

ದರ್ಜಿ ತಾನಾಗಿ ತೋಳು ಚಾಚಿದ. ಪಟ್ಟಿ ಬಿಗಿಯಿತು. ಪಾದರಸ ಏರಿ, ನಿಧಾನವಾಗಿ ಇಳಿಯತೊಡಗಿತು. ಡಾಕ್ಟರ ಕೈ ಕಾದಿತ್ತು. ಆಳದಲ್ಲಿ, ಟಪ್.

ದರ್ಜಿಯ ಬೆರಳು ಆ ಕೈಯನ್ನು ದಾಟಿ ಮಂಚದವರೆಗೆ ಹೋಗಿ, ಹೆಂಡತಿಯ ತಣ್ಣನೆಯ ಮಣಿಕಟ್ಟಿನ ಮೇಲೆ ಒಮ್ಮೆ ತಟ್ಟಿತು.