ಅಕಾಕಿಯೋಸರ ಅತಿಥಿ

ಗ್ರೀಕರ ಕಡಲಂಚಿನ ಪವಿತ್ರ ಪರ್ವತದ ನಮ್ಮ ಕ್ರೈಸ್ತ ಮಠದಲ್ಲಿ ಆಗ ಒಬ್ಬೊಬ್ಬ ಸನ್ಯಾಸಿಗೂ ಬೇರೆ ಒಲೆ, ಬೇರೆ ಊಟ. ಪುಸ್ತಕಗಳನ್ನು ಇಟ್ಟಿದ್ದ ಗೋಪುರವನ್ನು ನೋಡಿಕೊಳ್ಳುತ್ತಿದ್ದ ಅಕಾಕಿಯೋಸರಂತೂ, ಜೊತೆಗೆ ಕೂತು ಹಳೆಯ ಗ್ರೀಕ್ ಓದುತ್ತಿದ್ದ ಸೊಫ್ರೋನಿಯೋಸ್ ತೀರಿಕೊಂಡ ಮೇಲೆ, ಮಾತಾಡುವುದನ್ನೇ ಬಿಟ್ಟಿದ್ದರು.

ಚಳಿಗಾಲಕ್ಕೆ ಮುಂಚೆ ರೈನ್‌ಹೋಲ್ಟ್ ಎಂಬ ಜರ್ಮನ್ ವಿದ್ವಾಂಸ ಪ್ರಾಚೀನ ಗ್ರೀಕ್ ಕವಿಗಳ ಹಸ್ತಪ್ರತಿ ಹುಡುಕಿಕೊಂಡು ಬಂದ. ಅತಿಥಿಗಳ ಕೋಣೆಯಲ್ಲಿ ಮೊದಲ ಪುಸ್ತಕ ಬಿಚ್ಚಿ ತನ್ನ ದೇಶದ ಉಚ್ಚಾರಣೆಯಲ್ಲಿ ಗಟ್ಟಿಯಾಗಿ ಓದಿದ. ಅಕಾಕಿಯೋಸ್ ಹೊಟ್ಟೆ ಹಿಡಿದು ನಕ್ಕರು.

“ಏನ್ ದೊರೆ, ಇದು ನಮ್ಮ ಭಾಷೇನಾ? ಹೇಸರಗತ್ತೆಗೆ ನೆಗಡಿ ಆದಂಗಿದೆ!”

“ನಮ್ಮ ಮೇಷ್ಟ್ರು ಹಿಂಗೇ ಕಲಿಸಿದ್ದು, ಸ್ವಾಮಿ. ನೀವು ಓದಿ, ಕೇಳ್ತೀನಿ.”

ಅವರು ಓದಿದರು, ಆಮೇಲೆ ದಿನವೂ ಓದಿದರು. ಎಷ್ಟೋ ವರ್ಷದ ಮೇಲೆ ಅವರ ದನಿಗೆ ಒಬ್ಬ ಕಿವಿಗೊಟ್ಟಿದ್ದ.

ಗೋಪುರಕ್ಕೆ ಹೊರಗಿನವರು ಹತ್ತುವಂತಿರಲಿಲ್ಲ. ಪುಸ್ತಕ ತರುವವರು ಅಕಾಕಿಯೋಸರೇ. ರೈನ್‌ಹೋಲ್ಟ್ ಒಂದನ್ನು ನಕಲು ಮಾಡಿ ಮುಗಿಸುತ್ತ ಬಂದಾಗಲೆಲ್ಲ, “ಇನ್ನೊಂದು ಸಿಕ್ತು” ಎಂದು ಹಿಡಿದು ಬರುತ್ತಿದ್ದರು. ಹೀಗೆ ತಡವಾಗಿ, ಚಳಿಗಾಲಕ್ಕೆ ಮುಂಚಿನ ಕೊನೆಯ ದೋಣಿ ಅವನನ್ನು ಬಿಟ್ಟು ಹೊರಟುಹೋಯಿತು, ಸಮುದ್ರ ಕೆರಳಿತು; ವಸಂತದವರೆಗೆ ಅವನು ಅಲ್ಲೇ ಉಳಿಯಬೇಕಾಯಿತು.

ಒಂದು ದಿನ ಅಕಾಕಿಯೋಸ್ ಜ್ವರದಿಂದ ಮಲಗಿದ್ದರು. ರೈನ್‌ಹೋಲ್ಟ್ ಗಂಜಿ ಹಿಡಿದು ಅವರ ಕೋಣೆಗೆ ಹೋದ. ಮಂಚದ ಕೆಳಗೆ ಹಸ್ತಪ್ರತಿಗಳ ರಾಶಿ ಕಂಡಿತು.

“ಇವೆಲ್ಲ ಇಲ್ಲೇ ಇದ್ವಾ?”

“ಇದ್ವು.”

“ಮತ್ತೆ ಹುಡುಕ್ತಾ ಇದೀನಿ ಅಂತಿದ್ರಲ್ಲ!”

“ಎಲ್ಲಾ ಒಟ್ಟಿಗೆ ಕೊಟ್ಟಿದ್ರೆ ನೀನು ಆಗ್ಲೇ ಹೊರಟುಹೋಗ್ತಿದ್ದೆ, ಮಾರಾಯ.”

ರೈನ್‌ಹೋಲ್ಟ್ ಗಂಜಿ ಬಟ್ಟಲು ಕೆಳಗಿಟ್ಟ. ಬೈಯಲಿಲ್ಲ. “ಊರಲ್ಲಿ ನನ್ನ ಹೆಂಡತೀನೂ ಒಬ್ಬಳೇ ಇದಾಳೆ, ಸ್ವಾಮಿ,” ಎಂದ.

ಅವನಿಗೆ ಹೆಂಡತಿ ಇದ್ದಾಳೆಯೇ ಎಂದು ಅಕಾಕಿಯೋಸ್ ಒಮ್ಮೆಯೂ ಕೇಳಿರಲಿಲ್ಲ.

ಜ್ವರ ಪೂರ್ತಿ ಬಿಡುವ ಮೊದಲೇ ಎದ್ದು, ಅಷ್ಟೂ ಪುಸ್ತಕಗಳನ್ನು ಅತಿಥಿಯ ಮೇಜಿನ ಮೇಲಿಟ್ಟರು. ತಾವೇ ಲೇಖನಿ ಹಿಡಿದು ಎದುರು ಕೂತರು. ಓದು ನಿಂತಿತು, ನಗು ನಿಂತಿತು. ಇಬ್ಬರೂ ತಲೆ ಬಗ್ಗಿಸಿ ನಕಲು ಮಾಡಿದ್ದೇ ಮಾಡಿದ್ದು. ಬೆರಳು ಸೆಟೆದುಕೊಂಡರೂ ಅಕಾಕಿಯೋಸ್ ಬಿಡಲಿಲ್ಲ. ವಸಂತದ ಮೊದಲ ದೋಣಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ದೋಣಿ ಹತ್ತುವ ಮುಂಚೆ ರೈನ್‌ಹೋಲ್ಟ್ ಅವರ ಕೈಗೆ ಮುತ್ತಿಟ್ಟ. “ಮತ್ತೆ ಬರ್ತೀನಿ.”

“ಬೇಡ. ಮನೇಲಿರು,” ಎಂದರು ಅಕಾಕಿಯೋಸ್.

ಆಮೇಲೂ ವಿದ್ವಾಂಸರು ಬಂದರು. ಅಕಾಕಿಯೋಸ್ ಗೋಪುರದ ಬೀಗದ ಕೈಯನ್ನು ಕಿರಿಯ ಸನ್ಯಾಸಿಯಾದ ನನಗೆ ಕೊಟ್ಟು, “ನೀನೇ ತಂದು ತೋರಿಸಪ್ಪ, ಏನಿದೆಯೋ ಎಲ್ಲಾ ಒಟ್ಟಿಗೇ ತೋರಿಸಿಬಿಡು,” ಎಂದು, ಬಂದವರು ಹೋಗುವವರೆಗೂ ಆಲಿವ್ ತೋಟದಲ್ಲೇ ಇದ್ದುಬಿಡುತ್ತಿದ್ದರು.