ಅಕ್ಕ ಅನ್ನೋ ಇಂಟರ್‌ಫೇಸ್

ಪರದೆಯ ಮೇಲಿನ ಪಟ್ಟಿಯನ್ನು ಪದ್ಮಶ್ರೀ ಮೂರನೆಯ ಸಲ ಮೇಲಿಂದ ಕೆಳಗೆ ಓದಿದಳು. ಸರ್ವರ್‌ನಲ್ಲಿ ಇರಬೇಕಾದದ್ದು ನೆಟ್‌ವರ್ಕಿಗೆ ತೆರೆಯುವ ನಾಲ್ಕು ಬಾಗಿಲು, ಅಂದರೆ ನಾಲ್ಕು ಇಂಟರ್‌ಫೇಸ್; ಇದ್ದದ್ದು ಐದು. ಐದನೆಯದಕ್ಕೆ ಯಾರೋ ‘ಅಕ್ಕ’ ಎಂದು ಹೆಸರಿಟ್ಟಿದ್ದರು.

ಚಿಕ್ಕಬಾಣಾವರದ ಆ ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳಲು ಅವಳು ಸೇರಿ ಮೂರು ತಿಂಗಳಾಗಿತ್ತು. ಅಲ್ಲಿ ಯಂತ್ರಗಳದ್ದು ಒಂದು ನೆಟ್‌ವರ್ಕ್, ಆಫೀಸಿನದು ಇನ್ನೊಂದು. ಒಂದರ ಮಾತು ಇನ್ನೊಂದಕ್ಕೆ ಕೇಳಿಸಕೂಡದು. ಎರಡೂ ಇದ್ದದ್ದು ಒಂದೇ ಸರ್ವರ್‌ನೊಳಗೆ, ನಡುವೆ ಗೋಡೆ ಎಬ್ಬಿಸಿದ ಎರಡು ಕೋಣೆಗಳ ಹಾಗೆ. ಈ ‘ಅಕ್ಕ’ ಆ ಗೋಡೆಗೆ ಕೊರೆದ ತೂತು. ಕೈಗೆ ಸಿಗುವ ತಂತಿಯಲ್ಲ, ಬರೀ ಸಾಫ್ಟ್‌ವೇರಿನಲ್ಲಿ ಹುಟ್ಟಿಸಿದ್ದು. ಒಂದು ತುದಿ ಯಂತ್ರಗಳ ಕಡೆ, ಇನ್ನೊಂದು ಆಫೀಸಿನ ಕಡೆ.

ಇದನ್ನು ಹಾಕಬಲ್ಲವರು ಇಬ್ಬರೇ. ಅವಳಂತೂ ಹಾಕಿರಲಿಲ್ಲ. ಉಳಿದವನು ಪಕ್ಕದ ಮೇಜಿನ ಶಿವಪ್ರಕಾಶ. ಗದಗದ ಕಡೆಯವನು, ಅವಳು ಹತ್ತಿರ ಬಂದರೆ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚುವವನು. ಹೋದ ತಿಂಗಳಷ್ಟೇ ಇವರ ಸೀತಾಫಲದ ಐಸ್‌ಕ್ರೀಮಿನಂಥದ್ದೇ ಬೇರೊಂದು ಕಂಪನಿಯಿಂದ ಬಂದಿತ್ತು. ಒಳಗಿನವರೇ ಯಾರೋ ರೆಸಿಪಿ ಮಾರಿಕೊಂಡಿದ್ದಾರೆ ಎಂದು ಮ್ಯಾನೇಜರ್ ವಾಸು ಕೂಗಾಡಿದ್ದರು. ಅವರಿಗೆ ಪದ್ಮಶ್ರೀ ಮೆಸೇಜ್ ಹಾಕಿದಳು: “ಯಾರೋ ಕಳ್ಳದಾರಿ ಮಾಡಿದ್ದಾರೆ ಸರ್. ಯಾರು ಅಂತ ಹುಡುಕಿ ಹೇಳ್ತೀನಿ.”

ಆಮೇಲೆ ಆ ದಾರಿಯಲ್ಲಿ ಏನು ಹೋಗುತ್ತಿದೆ ಎಂದು ಕಾದು ನೋಡಿದಳು. ನಿಮಿಷಕ್ಕೊಂದು ಅಂಕಿ. ನಾಲ್ಕು. ನಾಲ್ಕು. ಆರು. ಮತ್ತೆ ಐದು. ಇದೆಂಥ ಗುಟ್ಟಿನ ಭಾಷೆ? ಬೆನ್ನುಹತ್ತಿ ಹೋದರೆ ಅಂಕಿಗಳು ಪ್ಯಾಕಿಂಗ್ ವಿಭಾಗದ ಒಂದು ಮೊಬೈಲಿಗೆ ಹೋಗಿ ಇಳಿಯುತ್ತಿದ್ದವು.

ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗಿಳಿದಳು. ಕೋಲ್ಡ್ ರೂಮಿನ ಬಾಗಿಲಲ್ಲಿ ದಪ್ಪ ಕೋಟು ತೊಟ್ಟ ಹೆಂಗಸರು ಡಬ್ಬ ಜೋಡಿಸುತ್ತಿದ್ದರು. ಅವರಲ್ಲಿ ಹಿರಿಯಳಾದ ರತ್ನಕ್ಕ ಇವಳನ್ನು ಕಂಡವಳೇ ಮೊಬೈಲನ್ನು ಬೋರಲು ಹಾಕಿದಳು.

“ಅದನ್ನ ಇಲ್ಲಿ ಕೊಡಿ.”

“ಏನಿಲ್ಲ ಮೇಡಂ. ಸುಮ್ನೆ, ಮಗಳ ಫೋಟೋ.”

“ಕೊಡಿ ಅಂದೆ.”

ಮೊಬೈಲು ಕೀಂಯ್ ಎಂದಿತು. ರತ್ನಕ್ಕ ಪರದೆ ನೋಡಿದಳು: ಇಪ್ಪತ್ತೆಂಟು. ಪದ್ಮಶ್ರೀಯನ್ನು ಮರೆತವಳಂತೆ ತಿರುಗಿ, “ಬಿಟ್ಬಿಡ್ರೇ, ಆಚೆ ನಡೀರಿ!” ಎಂದು ಕೂಗಿದಳು. ಯಾರೂ ಏಕೆ ಎಂದು ಕೇಳಲಿಲ್ಲ. ಹೊರಬೀಳುವಷ್ಟರಲ್ಲಿ ಪದ್ಮಶ್ರೀಯ ಮೂಗು ಉರಿಯತೊಡಗಿತ್ತು, ಕಣ್ಣಲ್ಲಿ ನೀರು.

ಶಿವಪ್ರಕಾಶ ಯಂತ್ರಗಳ ಕಡೆಯಿಂದ ಓಡಿಬಂದ. “ಗ್ಯಾಸಿನ ವಾಲ್ವ್ ಬಂದ್ ಮಾಡಿಸೀನಿ,” ಎಂದವನು ಅವಳ ಕೈಯಲ್ಲಿದ್ದ ಲ್ಯಾಪ್‌ಟಾಪ್ ನೋಡಿ ತಡೆದ. “ಗೊತ್ತಾತೇನ್ರಿ? ಹೌದು, ನಾನೇ ಹಾಕೀನಿ. ತಂಪು ಮಾಡೋ ಅಮೋನಿಯಾ ಗ್ಯಾಸ್ ಸೋರಿದ್ರ ತೋರಸೋ ಮೀಟರ್ ಮಷೀನ್ ಕಡೆ ಐತಿ. ಅದರ ನಂಬರ್ ಕಾಣೋದು ಕಂಟ್ರೋಲ್ ರೂಮಿನಾಗ ಅಷ್ಟ. ಹೋದ ವರ್ಷ ಗ್ಯಾಸ್ ಸೋರಿ ಈ ರತ್ನಕ್ಕಾರು ಎಚ್ಚರ ತಪ್ಪಿ ಬಿದ್ರು. ಹೊರಗ ನಂಬರ್ ತೋರಸೋಣು ಅಂತ ಮೂರ್ ಸಲ ಕೇಳೀನಿ. ತೋರಿಸಿದ್ರ ದಿನಾ ಕೆಲಸ ಬಿಟ್ಟು ಎದ್ದು ಹೋಗ್ತಾರ ಅಂದ್ರು ವಾಸು ಸರ್.”

“ಇದೇ ದಾರೀಲಿ ಹೊರಗಿನವ್ರು ಮಷೀನ್ ತನಕ ಬರಬಹುದಿತ್ತು. ಯೋಚನೆ ಮಾಡಿದ್ರಾ?”

“ಇಲ್ರಿ,” ಎಂದ ಅವನು. ಅವನ ಮಾತಲ್ಲಿ ಎಷ್ಟು ನಿಜವೋ ಎಂದು ಅವಳಿಗಿನ್ನೂ ಅನುಮಾನವಿತ್ತು. ಕಣ್ಣುರಿಯಲ್ಲಿ ಮಾತ್ರ ಅನುಮಾನವಿರಲಿಲ್ಲ.

ಅಂಗಳದ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಒಳಬರುವುದನ್ನೆಲ್ಲ ತಡೆದು, ಹೊರಹೋಗಲು ಆ ಒಂದು ಅಂಕಿಗಷ್ಟೇ ದಾರಿ ಬಿಟ್ಟಳು. ಮುಗಿಸುವಷ್ಟರಲ್ಲಿ ವಾಸು ಫೋನು ಬಂತು.

“ಯಾರಮ್ಮಾ ಅದು? ಮೊದ್ಲು ಕಿತ್ತಾಕಿ ಅದನ್ನ.”

“ಕೀಳಲ್ಲ ಸರ್. ಒಳಗೆ ಬರೋದನ್ನ ಮುಚ್ಚಿದ್ದೀನಿ. ಅಮೋನಿಯಾ ನಂಬರ್ ಒಂದೇ ಆಚೆ ಹೋಗುತ್ತೆ. ಅದು ಇರಬೇಕು ಅಂತ ನನ್ನ ಹೆಸರಲ್ಲೇ ಬರ್ದು ಕೊಡ್ತೀನಿ.”

ವಾಸು ದನಿ ತಗ್ಗಿಸಿ ಕೇಳಿದರು: “ನೀವು ಯಾವಾಗಿಂದ ಸೇರ್ಕೊಂಡ್ರಿ ಇವ್ರ ಜೊತೆ?”

ಅವಳು ತಲೆ ಎತ್ತಿ ನೋಡಿದಳು. ಎದುರಿಗೆ ಬಿಸಿಲಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಕೋಟುಗಳ ಮೇಲೆ ಕೂತಿದ್ದ ಮಂಜು ಕರಗಿ ತೊಟ್ಟಿಕ್ಕುತ್ತಿತ್ತು. ಸಿಮೆಂಟಿನ ನೆಲದಲ್ಲಿ ಒಬ್ಬೊಬ್ಬರ ಕಾಲ ಬಳಿಯೂ ಒಂದೊಂದು ಒದ್ದೆ ವೃತ್ತ.