ಅರ್ಧ ಹೆಜ್ಜೆ

"ಅಮ್ಮಾ, ತೆಗಿ. ಜನ ಬರ್ತಾ ಇದ್ದಾರೆ," ಎಂದು ಮಗಳು ಬಚ್ಚಲಿನ ಬಾಗಿಲನ್ನು ಮತ್ತೆ ಬಡಿದಳು. ಒಳಗಿನಿಂದ ಬಟ್ಟೆ ಹಿಂಡುವ ಸದ್ದು ಬಂತು.

ಚಿಲಕ ತೆಗೆದಾಗ ನೋಡಿದರೆ ಅಮ್ಮನ ಸೀರೆಯ ಅಂಚು ಮಾತ್ರ ಒದ್ದೆ. ನೆಲದ ಮೇಲೆ ಒಂದು ಹನಿ ನೀರಿಲ್ಲ. ಆದರೂ ಅವಳು ಮತ್ತೆ ಮಂಡಿಯೂರಿ ಕೂತು, ಮೂಲೆಯಿಂದ ಮೂಲೆಗೆ ಒರೆಸತೊಡಗಿದಳು. ಮೂರು ವಾರದಿಂದ, ಆಸ್ಪತ್ರೆಯಿಂದ ಮನೆಗೆ ಬಂದಾಗಲೆಲ್ಲ, ಅವಳಿಗೆ ಇದೇ ಕೆಲಸ.

"ಒದ್ದೆ ಇದೆಯಾ ನೋಡು. ನನ್ನ ಕಣ್ಣಿಗೆ ಕಾಣಲ್ಲ."

"ಇಲ್ಲಮ್ಮ."

"ಅವತ್ತೂ ಇಲ್ಲ ಅಂತಲೇ ಅಂದ್ಕೊಂಡಿದ್ದೆ," ಎಂದಳು ಅಮ್ಮ.

ನಿಜ ಮಗಳಿಗೆ ಗೊತ್ತಿತ್ತು. ಹೇಳಿಬಿಡಬೇಕು. ಇವತ್ತೇ, ಅಪ್ಪನ ಶವದ ಪೆಟ್ಟಿಗೆ ಹೊಸ್ತಿಲು ದಾಟುವ ಮೊದಲು. ಇಲ್ಲದಿದ್ದರೆ ಈ ಮುದುಕಿ ಸಾಯುವತನಕ ಈ ನೆಲ ಒರೆಸುತ್ತಲೇ ಇರುತ್ತಾಳೆ. ಅಷ್ಟು ಗೊತ್ತಿದ್ದೂ ಅವಳು "ಕಾಫಿ ತರ್ತೀನಿ" ಎಂದು ಹೊರಟುಬಿಟ್ಟಳು.

ಕಾಫಿ ತರಲಿಲ್ಲ. ನಡುಮನೆಯಲ್ಲಿ ಸರಿಯಾಗೇ ಇದ್ದ ಕುರ್ಚಿಗಳನ್ನು ಮತ್ತೊಮ್ಮೆ ಸರಿಮಾಡಿದಳು. ಕಿಟಕಿ ತೆಗೆದಳು, ಮುಚ್ಚಿದಳು. ಅಪ್ಪ ಅಲ್ಲೇ ಪೆಟ್ಟಿಗೆಯೊಳಗೆ ಮಲಗಿದ್ದ. ನಲವತ್ತು ವರ್ಷ ಬಾಕ್ಸಿಂಗ್ ಕಲಿಸಿದವನು. ಅವನ ಎರಡೂ ಕೈ ಒಟ್ಟಿಗೆ ಸುಮ್ಮನಿದ್ದದ್ದನ್ನು ಮನೆಯವರು ನೋಡಿದ್ದೇ ಇವತ್ತು. ಶಿಷ್ಯರು ಒಬ್ಬೊಬ್ಬರೇ ಬಂದು, ಮೊಂಡು ಮೂಗುಗಳನ್ನು ಒರೆಸಿಕೊಂಡು, ಗೋಡೆಗೆ ಸಾಲಾಗಿ ನಿಂತಿದ್ದರು.

"ಪೆಟ್ಟಿಗೆ ಲಿಫ್ಟಲ್ಲಿ ಹೋಗುತ್ತಾ?" ಎಂದು ಅಣ್ಣ ಕೇಳಿದ.

ಅವಳು ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವಳು. ಸ್ವಂತ ಮನೆಯ ಲಿಫ್ಟಿನಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲವೆಂದು ಹೇಳಲು ಅಳತೆಯ ಟೇಪು ಬೇಕಿರಲಿಲ್ಲ. "ಇಲ್ಲ. ಮೆಟ್ಟಿಲಲ್ಲೇ. ಮೂರು ಮಹಡಿ."

"ಅಮ್ಮನ್ನ ಬಚ್ಚಲಿಂದ ಈಚೆ ಕರಿ. ಆದದ್ದು ಆಯ್ತು. ನೀರು ಚೆಲ್ಲಿದ್ದು ಬೇಕು ಅಂತ ಅಲ್ವಲ್ಲ," ಎಂದ ಅಣ್ಣ. ಸಮಾಧಾನದ ಮಾತೇ. ಮಗಳಿಗೆ ಅದು ಚೂರಿ ಹಾಕಿದಂತೆ ತಾಕಿತು.

*

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನನ್ನು ಎಬ್ಬಿಸಿ ನಡೆಸುವುದು ಎರಡು ವರ್ಷದಿಂದ ಅವಳ ಪಾಲಿಗೆ ಬಂದಿತ್ತು. ಅವನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು. ಅವನ ಗದ್ದ ಅವಳ ಬಲಭುಜದ ಮೇಲೆ. ಅವಳು ಹಿಂದಕ್ಕೆ, ಅವನು ಮುಂದಕ್ಕೆ. "ಎಂಥಾ ಗತಿ ಬಂತು ನೋಡು, ನಾನೇ ಜಿಗಣೆ ಆದೆ," ಎಂದು ಅವನು ಕಿವಿಯ ಹತ್ತಿರ ನಗುತ್ತಿದ್ದ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ, ಬಚ್ಚಲಿನಲ್ಲಿ, ಅವನ ಒಳ್ಳೆಯ ಕಾಲೂ ಸೋತಿತು. ಇಡೀ ಭಾರ ಒಮ್ಮೆಗೇ ಅವಳ ಮೇಲೆ ಬಂತು. ಅವಳು ಯೋಚಿಸಲೇ ಇಲ್ಲ, ಎಡಗಾಲು ತಾನಾಗಿಯೇ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿತು. ಅಪ್ಪ ಅವಳನ್ನು ದಾಟಿಕೊಂಡು ಹೋಗಿ ಬಿದ್ದ. ಸೊಂಟದ ಮೂಳೆ ಮುರಿಯಿತು. ನೆಲ ಒಣಗಿತ್ತು.

"ಹೇಗೆ ಬಿದ್ರು?" ಎಂದು ಅಣ್ಣ ಆಸ್ಪತ್ರೆಯಲ್ಲಿ ಕೇಳಿದಾಗ ಅವಳ ಬಾಯಿ "ಜಾರಿದ್ರು" ಎಂದಿತು. ಪಕ್ಕದಲ್ಲಿದ್ದ ಅಮ್ಮ ಮೆಲ್ಲಗೆ, "ಬೆಳಿಗ್ಗೆ ನಾನು ಬಟ್ಟೆ ಒಗೆದಿದ್ದೆ," ಎಂದಳು.

*

ಹತ್ತು ಗಂಟೆಗೆ ಅಪ್ಪನ ಹಳೆಯ ಎದುರಾಳಿ, ಎಲ್ಲರ ಬಾಯಲ್ಲೂ ಜಿಗಣೆ ಆಗಿದ್ದವನು, ಬಂದ. ಗೋಡೆ ಸಾಲಿನವರೆಲ್ಲ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಸರಿದರು. ಮನುಷ್ಯ ನೂರು ಕಿಲೋ ಇದ್ದ, ದುಃಖ ಬಂದರೆ ಅಪ್ಪಿಕೊಳ್ಳುತ್ತಿದ್ದ, ಅಪ್ಪಿಕೊಂಡರೆ ಬಿಡುತ್ತಿರಲಿಲ್ಲ. ಹರೆಯದಲ್ಲಿ ರಿಂಗಿನಲ್ಲಿ ಅಪ್ಪನಿಗೆ ನಾಲ್ಕು ಸಲ ಎದುರಾಗಿದ್ದ. ಮೊದಲ ಮೂರು ಸಲವೂ ಹೊಡೆಯುವ ಬದಲು ಮೈಮೇಲೆ ಒರಗಿ, ತೋಳು ಕಟ್ಟಿಹಾಕಿ, ರೆಫರಿ ಬಿಡಿಸುವತನಕ ಜೋತುಬಿದ್ದು ಗೆದ್ದ. ಆ ಕಾಟ ತಾಳಲಾರದೆ ಅಪ್ಪ ಒರಗಿದವನಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುವ ವಿದ್ಯೆ ಕಂಡುಕೊಂಡದ್ದು. ನಾಲ್ಕನೆಯ ಸಲ ಜಿಗಣೆ ಹಗ್ಗದ ಮೇಲೆ ಬಕ್ಕಬೋರಲು ಬಿದ್ದ. ಅಂದಿನಿಂದ ಇಬ್ಬರೂ ಪ್ರಾಣಸ್ನೇಹಿತರು.

"ಹೋಗ್ಬಿಟ್ನಲ್ಲೇ ಪುಟ್ಟೀ," ಎಂದು ಜಿಗಣೆ ಅವಳ ಮೇಲೆ ಒರಗಿದ. ಅವಳ ಉಸಿರು ಕಟ್ಟಿತು.

"ಮಾಮ, ಸ್ವಲ್ಪ ಬಿಡಿ."

"ಆಸ್ಪತ್ರೇಲಿ ಏನಂದ ಗೊತ್ತಾ? ಹೇಳ್ಬೇಡ ಅಂದಿದ್ದ. ಇನ್ನು ಯಾರ ಹೆದರಿಕೆ. 'ಮಗಳಿಗೆ ಹತ್ತು ವರ್ಷ ಆ ಅರ್ಧ ಹೆಜ್ಜೆ ಹೇಳಿಕೊಟ್ಟೆ ಕಣೋ, ರಿಂಗಲ್ಲಿ ಒಂದ್ಸಲಾನೂ ಮಾಡ್ಲಿಲ್ಲ. ಬಚ್ಚಲಲ್ಲಿ ಮಾಡಿದ್ಲು. ಏನು ಹಗುರ ಕಾಲು ಅಂತೀಯ! ನಾನು ಗಾಳಿಗೆ ಒರಗಿದ್ದೆ' ಅಂದ. ನಕ್ಕೂ ನಕ್ಕೂ ಸೊಂಟ ನೋವು ಬಂತು ಅಂತ ನರ್ಸನ್ನ ಕರೆಸಿದ."

ಅವಳು ಎರಡೂ ಕೈಯಿಂದ ಅವನನ್ನು ತಳ್ಳಿದಳು. ಅವನು ಕದಲಲಿಲ್ಲ.

*

ಅವಳ ಕೊನೆಯ ಪಂದ್ಯದಲ್ಲೂ ಹೀಗೇ ಆಗಿತ್ತು. ಎದುರಾಳಿ ಒರಗುವವಳು. "ತಳ್ಳಬೇಡ. ತಳ್ಳಿದ್ರೆ ನಿನ್ನ ಬಲವೇ ಅವಳಿಗೆ ಊರುಗೋಲು. ಗದ್ದ ಒಳಗೆ, ಮಂಡಿ ಸಡಿಲ. ಮೊದಲು ಭಾರ ತಗೋ, ಆಮೇಲೆ ಅರ್ಧ ಹೆಜ್ಜೆ ಸರಿ," ಎಂದು ಅಪ್ಪ ಮೂಲೆಯಿಂದ ಗಂಟಲು ಹರಿದುಕೊಂಡ. ಅವಳು ತಳ್ಳಿದಳು. ಮೂರನೆಯ ರೌಂಡಿಗೆ ತೋಳುಗಳು ಮೇಲೇಳಲಿಲ್ಲ, ಸೋತಳು. ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಇಳಿಯುವಾಗ "ತಳ್ಳಿದೆ" ಎಂದ, ಅಷ್ಟೇ. ಅವಳು ಮತ್ತೆ ಗ್ಲೌಸ್ ಮುಟ್ಟಲಿಲ್ಲ.

*

"ಗೊತ್ತಿತ್ತಾ ಅವರಿಗೆ?" ಅವಳ ದನಿ ಚೀರಿದಂತಿತ್ತು. "ಗೊತ್ತಿದ್ದೂ ಸುಮ್ಮನಿದ್ರಾ?"

"ನೆಲ ಜಾರಿತು ಅಂತಲೇ ಇರ್ಲಿ ಬಿಡು, ನೆಲಕ್ಕೇನು ನೋವಾಗಲ್ಲ ಅಂದ."

ನೆಲಕ್ಕೆ ನೋವಾಗಿರಲಿಲ್ಲ, ನಿಜ. ನೆಲ ಒರೆಸುವವಳಿಗೆ ಆಗಿತ್ತು. ಅಪ್ಪನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ನಾಚಿಕೆಯಿಲ್ಲದೆ, ಹೊಗಳಿಕೆಯ ಖುಷಿಯೂ ಬಂತು. ಜಿಗಣೆಯ ತೋಳಿನ ಕೆಳಗೆ ನುಸುಳಿಕೊಂಡು ನೇರ ಬಚ್ಚಲಿಗೆ ನಡೆದಳು.

"ಅಮ್ಮ, ನೆಲ ಒದ್ದೆ ಇರ್ಲಿಲ್ಲ. ಅಪ್ಪ ಒರಗಿದ್ರು, ನಾನು ಸರಿದೆ. ಕಾಲು ಸರಿದುಬಿಡ್ತು. ಸುಳ್ಳು ಹೇಳಿದೆ."

ಅಮ್ಮನ ಕೈ ನಿಂತಿತು.

"ಮೂರು ವಾರ," ಎಂದಳು. "ಮೂರು ವಾರ ನಾನು ಅವರ ಮುಖ ನೋಡೋಕಾಗದೆ, ಆಸ್ಪತ್ರೇಲಿ ಅವರ ಕಾಲ ಹತ್ರ ಕೂತೆ. ನೀರು ಕುಡಿಸೋಕೂ ನರ್ಸನ್ನೇ ಕರೆದೆ."

"ಅಮ್ಮಾ..."

"ಮಾತಾಡ್ಬೇಡ ನೀನು."

ಅಮ್ಮ ಬಟ್ಟೆ ಹಿಂಡಿ, ಕೊಡವಿ, ನಲ್ಲಿಯ ಮೇಲೆ ಹರವಿದಳು. ಮಗಳ ಕೈ ಹಿಡಿಯದೆ ಗೋಡೆ ಹಿಡಿದು ಎದ್ದಳು. ನಡುಮನೆಗೆ ಹೋಗಿ, ಗಂಡನ ಮುಖದ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಅವನ ಮುಖವನ್ನು ನೋಡಿದಳು. ಪೆಟ್ಟಿಗೆ ಮುಚ್ಚುವತನಕ ನೋಡುತ್ತಲೇ ಇದ್ದಳು. ಆಮೇಲೆ ಯಾರಿಗೂ ಹೇಳದೆ ಎದ್ದು, ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದಳು.

ಮೇಲಿನ ತುದಿಗೆ ಅಣ್ಣ ಮತ್ತು ಒಬ್ಬ ಶಿಷ್ಯ, ಕೆಳಗಿನ ತುದಿಗೆ ಜಿಗಣೆ ಮತ್ತು ಮಗಳು. ಅವಳು ಹಿಂದಕ್ಕೆ ಇಳಿಯುತ್ತಿದ್ದಳು, ಪ್ರತಿ ಮೆಟ್ಟಿಲನ್ನೂ ಕಾಲ್ಬೆರಳಿನಿಂದ ಹುಡುಕುತ್ತ. ಮೊದಲ ತಿರುವಿನಲ್ಲಿ ಜಿಗಣೆಗೆ ಏದುಸಿರು ಬಂದು ಕೈ ಜಾರಿತು. ಪೆಟ್ಟಿಗೆ ವಾಲಿತು. ಅಪ್ಪ ಒಳಗೇ ಸರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಸರಿ! ಪಕ್ಕಕ್ಕೆ ಸರಿ ನೀನು! ಗೋಡೆಗೆ ಆನಿಸೋಣ!" ಎಂದು ಅಣ್ಣ ಕೂಗಿದ.

ಕೆಳಗಿನ ಮಹಡಿಯಿಂದ ಅಮ್ಮನ ದನಿ ಬಂತು. ಬಾಕ್ಸಿಂಗ್ ಅಂದರೆ ಮೂಗು ಮುರಿಯುತ್ತಿದ್ದವಳು, ಒಂದು ಪಂದ್ಯಕ್ಕೂ ಬಂದವಳಲ್ಲ; ಹತ್ತು ವರ್ಷ ಮನೆಯಲ್ಲಿ ಕಿವಿಗೆ ಬಿದ್ದದ್ದಷ್ಟೇ. "ಗದ್ದ ಒಳಗೆ," ಎಂದಳು. "ಮಂಡಿ ಸಡಿಲ ಬಿಡು."

ಮಗಳು ಗದ್ದವನ್ನು ಎದೆಗೆ ಒತ್ತಿ ಮಂಡಿ ಸಡಿಲ ಬಿಟ್ಟಳು. ಪೆಟ್ಟಿಗೆಯ ಅಂಚು ಇಳಿದು ಬಂದು ಅವಳ ಬಲಭುಜದ ಮೇಲೆ, ಅವನ ಗದ್ದ ಇರುತ್ತಿದ್ದ ಜಾಗದಲ್ಲೇ, ಕೂತಿತು. ಎಡಗಾಲು ಮೆಟ್ಟಿಲ ಮೇಲೆ ಗಡಗಡ ನಡುಗುತ್ತಿತ್ತು, ಆದರೆ ಇದ್ದಲ್ಲೇ ಇತ್ತು.